ಮಗು ಕಳೆದುಕೊಂಡ ಮನೆಯವರಿಗೆ ಫೋಟೋ ತೆಗೆದುಕೊಡುವುದು ಹೇಗೆ

ಮಲೆನಾಡಿನಲ್ಲಿ ಎಳೆಗೂಸು ತೀರಿಕೊಂಡರೆ ಎಲ್ಲವೂ ಬೇಗ ಮುಗಿದುಹೋಗುತ್ತದೆ. ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೋದ ಮಗುವನ್ನು ಸಂಜೆಯೊಳಗೆ ಹೊಸನಗರದ ಕಡೆ ತೋಟದ ಮೂಲೆಯಲ್ಲೋ ಸೊರಬದ ಕಡೆ ಗದ್ದೆಯಂಚಿನಲ್ಲೋ ಮಣ್ಣು ಮಾಡಿ ಆಗಿರುತ್ತದೆ. ಸಿಸೇರಿಯನ್ ಆದ ತಾಯಿ ಇನ್ನೂ ವಾರ್ಡಿನಲ್ಲೇ ಮಲಗಿರುತ್ತಾರೆ. ಎಷ್ಟೋ ಸಲ ಮಗುವಿನ ಮುಖವನ್ನು ಅವರು ಒಮ್ಮೆಯೂ ನೆಟ್ಟಗೆ ನೋಡಿರುವುದಿಲ್ಲ. ಫೋಟೋ ತೆಗೆಯುವವರಿಗೆ ಸಿಗುವುದು ಮಗು ಹೋದ ಹೊತ್ತಿಗೂ ಹೊರಗೆ ಗಾಡಿ ಸ್ಟಾರ್ಟ್ ಆಗುವ ಹೊತ್ತಿಗೂ ನಡುವಿನ ಒಂದೆರಡು ಗಂಟೆ. ಅಷ್ಟರಲ್ಲಿ ಯೋಚನೆ ಮಾಡುತ್ತ ನಿಲ್ಲಲು ಆಗುವುದಿಲ್ಲ. ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ಕರೆ ಬರುವ ಮುಂಚೆಯೇ ಮುಗಿದಿರಬೇಕು.

2005ರಲ್ಲಿ ಅಮೆರಿಕದ ಕೊಲರಾಡೋದಲ್ಲಿ, ಆರು ದಿನದ ಮಗುವನ್ನು ಕಳೆದುಕೊಂಡ ಶೆರಿಲ್ ಹ್ಯಾಗರ್ಡ್ ಎಂಬ ತಾಯಿ, ತಮ್ಮ ಮಗುವಿನ ಫೋಟೋ ತೆಗೆದುಕೊಟ್ಟ ಫೋಟೋಗ್ರಾಫರ್ ಜೊತೆ ಸೇರಿ 'ನೌ ಐ ಲೇ ಮಿ ಡೌನ್ ಟು ಸ್ಲೀಪ್' ಎಂಬ ಸಂಸ್ಥೆ ಶುರುಮಾಡಿದರು. ಮನೆಯವರಿಂದ ಒಂದು ಪೈಸೆಯೂ ತೆಗೆದುಕೊಳ್ಳದೆ, ಫೋಟೋಗಳನ್ನು ಜಾಗರೂಕತೆಯಿಂದ ತಿದ್ದಿ ಕೊಡುವುದು ಅವರ ಕ್ರಮ. ಅದನ್ನು ನಮ್ಮ ಊರಿನ ಆಸ್ಪತ್ರೆ, ಮನೆ, ಮಳೆಗೆ ಹೊಂದಿಸಿಕೊಳ್ಳಬೇಕು.

ಕರೆ ಬರುವ ಮುಂಚೆ

ಮೊದಲು ಅನುಮತಿ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಾಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಖಾಸಗಿ ನರ್ಸಿಂಗ್ ಹೋಮ್ ಆಗಲಿ, ಒಳಗೆ ಕ್ಯಾಮೆರಾ ತರಲು ಆಡಳಿತದವರ ಲಿಖಿತ ಒಪ್ಪಿಗೆ ಬೇಕು. ಅದನ್ನು ಸಾವಿನ ದಿನ ಕೇಳಿಕೊಂಡು ಓಡಾಡಲು ಆಗುವುದಿಲ್ಲ. ಮೊದಲೇ ಹೋಗಿ ಅಧೀಕ್ಷಕರನ್ನೂ ಹೆರಿಗೆ ವಿಭಾಗ ಮತ್ತು ಎಳೆಮಕ್ಕಳ ಐಸಿಯು ಹೆಡ್ ಸಿಸ್ಟರನ್ನೂ ಕಂಡು, ನೀವೇನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂದು ಒಂದು ಪುಟದಲ್ಲಿ ಬರೆದುಕೊಡಿ. ನಿಜವಾಗಿ ನಿಮ್ಮನ್ನು ಕರೆಯುವವರು ಸಿಸ್ಟರುಗಳೇ. ಮನೆಯವರನ್ನು ಮೊದಲು ಕೇಳುವುದೂ ಅವರೇ ಆಗಿರಬೇಕು. ನೀವಾಗಿ ವಾರ್ಡಿನಲ್ಲಿ ಸುತ್ತಿ 'ಫೋಟೋ ಬೇಕಾ' ಎಂದು ಕೇಳುವ ಹಾಗೇ ಇಲ್ಲ. ಪೊಲೀಸ್ ಕೇಸ್ ಆಗಿರುವ ಸಾವಾದರೆ, ಸಂಬಂಧಪಟ್ಟವರು ಸರಿ ಎನ್ನುವವರೆಗೆ ಕ್ಯಾಮೆರಾ ಚೀಲದಿಂದ ಹೊರಗೆ ಬರಬಾರದು.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನಾಲ್ಕೇ ಸಾಲಿರಲಿ: ನಮ್ಮ ಮಗುವಿನ ಫೋಟೋ ತೆಗೆಯಲು ಒಪ್ಪಿದ್ದೇವೆ, ಇದಕ್ಕೆ ಹಣ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ, ನಮ್ಮನ್ನು ಕೇಳದೆ ಈ ಫೋಟೋಗಳನ್ನು ಯಾರಿಗೂ ತೋರಿಸುವಂತಿಲ್ಲ, ಎಲ್ಲಿಯೂ ಹಾಕುವಂತಿಲ್ಲ, ಯಾವಾಗ ಅಳಿಸಿ ಎಂದರೂ ಅಳಿಸಬೇಕು. ಇದನ್ನು ಓದಿ ಹೇಳಿ, ಆಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು. ತಾಯಿ ಅರಿವಳಿಕೆಯ ಮಂಪರಿನಲ್ಲಿದ್ದರೆ ಅವರ ಕೈ ಹಿಡಿದು ಸಹಿ ಹಾಕಿಸಬೇಡಿ. ಅಪ್ಪನ ಸಹಿಯಲ್ಲಿ ಫೋಟೋ ತೆಗೆಯಿರಿ, ತಾಯಿಯ ಒಪ್ಪಿಗೆ ಸಿಗುವವರೆಗೆ ತಾಯಿ ಇರುವ ಫೋಟೋ ತೆಗೆಯಬೇಡಿ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಒಂದು ಕ್ಯಾಮೆರಾ, 50 ಎಂಎಂ ಎಫ್ 1.8 ಲೆನ್ಸ್, ಸಾಧ್ಯವಾದರೆ ಕೈಬೆರಳಿನಷ್ಟು ಸಣ್ಣದನ್ನು ಹತ್ತಿರದಿಂದ ತೆಗೆಯಲು ಮ್ಯಾಕ್ರೋ ಲೆನ್ಸ್, ಖಾಲಿ ಮಾಡಿಟ್ಟ ಎರಡು ಮೆಮೊರಿ ಕಾರ್ಡ್, ಎರಡು ಬ್ಯಾಟರಿ, ಮೆದು ಬೆಳಕು ಕೊಡುವ ಸಣ್ಣ ಎಲ್‌ಇಡಿ ಪ್ಯಾನೆಲ್. ಇದರ ಜೊತೆಗೆ, ಒಗೆದು ಬಿಸಿಲಿಗೆ ಒಣಗಿಸಿದ ಬಿಳಿ ಹತ್ತಿಬಟ್ಟೆ ನಾಲ್ಕು, ಮೂರು ಅಳತೆಯ ಕುಲಾವಿ, ನೈಟ್ರೈಲ್ ಗ್ಲೌಸ್, ಸ್ಯಾನಿಟೈಸರ್, 70 ಶೇಕಡಾ ಆಲ್ಕೊಹಾಲ್ ಒರೆಸುವ ಹಾಳೆ. ಹೊಸ ಬಟ್ಟೆ ಒರಟು, ಗಂಜಿ ಇರುತ್ತದೆ, ಮಗುವಿನ ಚರ್ಮಕ್ಕೆ ಆಗುವುದಿಲ್ಲ. ಹಳೆ ಕಾಟನ್ ಸೀರೆಯ ತುಂಡಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಮಳೆಗಾಲದಲ್ಲಿ ಆಗುಂಬೆ, ತೀರ್ಥಹಳ್ಳಿ ಕಡೆಯ ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗಿನ ತೇವಾಂಶ 40ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಿ. ಎಸಿ ಇರುವ ಐಸಿಯುನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಚೀಲದ ಜಿಪ್ ಹಾಕಿಯೇ 15 ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಸಾಗರಕ್ಕೆ ಸುಮಾರು 70. ಜುಲೈ ಮಳೆಯಲ್ಲಿ ಆ ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕಿಯೇ 'ಬರ್ತೀನಿ' ಎಂದು ಒಪ್ಪಿಕೊಳ್ಳಿ. ಮನೆಯವರನ್ನು ಕಾಯಿಸಿ ಹೋಗದೆ ಇರುವುದಕ್ಕಿಂತ, ಮೊದಲೇ ಆಗುವುದಿಲ್ಲ ಎಂದು ಹೇಳಿ, ಅಲ್ಲಿರುವ ಸಿಸ್ಟರಿಗೆ ಫೋನಿನಲ್ಲೇ ನಾಲ್ಕು ಫೋಟೋ ತೆಗೆಯಲು ಹೇಳಿಕೊಡುವುದು ವಾಸಿ.

ಒಳಗೆ ಹೋದ ಮೇಲೆ ಏನು ಮಾತಾಡಬೇಕು

ಕ್ಯಾಮೆರಾ ಕೈಯಲ್ಲಿ ಹಿಡಿದು ಒಳಗೆ ಹೋಗಬೇಡಿ. ಚೀಲ ಕೆಳಗಿಟ್ಟು, ತಾಯಿಯ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ. "ಅಮ್ಮಾ, ಪಾಪುದು ಫೋಟೋ ತೆಗೆಯೋಕೆ ಸಿಸ್ಟರ್ ಹೇಳಿದ್ರು, ಅದಕ್ಕೆ ಬಂದೆ. ನೀವು ಬೇಡ ಅಂದ್ರೆ ಈಗಲೇ ಹೊರಟೆ. ಮಧ್ಯದಲ್ಲಿ ಸಾಕು ಅನ್ನಿಸಿದ್ರೂ ಹೇಳಿ, ನಿಲ್ಲಿಸ್ತೀನಿ." ಇಷ್ಟು ಸಾಕು. ಆಮೇಲೆ ಅವರು ಮಾತಾಡುವವರೆಗೆ ಸುಮ್ಮನಿರಿ.

'ಮಗುವಿನ ಹೆಸರೇನು' ಎಂದು ಕೇಳಬೇಡಿ. ನಮ್ಮಲ್ಲಿ ನಾಮಕರಣ ಆಗುವುದು ಹನ್ನೊಂದು ಹನ್ನೆರಡು ದಿನ ಕಳೆದ ಮೇಲೆ, ಕೆಲವು ಮನೆಗಳಲ್ಲಿ ಇನ್ನೂ ತಡವಾಗಿ. ಇಡದೇ ಹೋದ ಹೆಸರನ್ನು ಕೇಳಿದರೆ ಅದು ಚುಚ್ಚುತ್ತದೆ. "ಪಾಪುನ ಏನಂತ ಕರೀತಿದ್ರಿ?" ಎಂದು ಕೇಳಿ. ಪಾಪು, ಕೂಸು, ಪುಟ್ಟಿ, ಅವರು ಹೇಳಿದ್ದನ್ನೇ ನೀವೂ ಹೇಳಿ. 'ಬಾಡಿ' ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. 'ಇನ್ನೊಂದು ಆಗುತ್ತೆ ಬಿಡಿ', 'ದೇವರಿಗೆ ಬೇಕಾಗಿತ್ತು', 'ಅನುಭವಿಸೋದಕ್ಕಿಂತ ಹೋದದ್ದೇ ಒಳ್ಳೇದಾಯ್ತು', ಇವೂ ಬೇಡ. ಇವನ್ನೆಲ್ಲ ಹೇಳಲು ನೆಂಟರಿದ್ದಾರೆ.

ಹಿರಿಯರ ತಕರಾರು ಬಂದೇ ಬರುತ್ತದೆ. ಬಾಣಂತಿ ನೋಡಬಾರದು, ಹೋದ ಮಗುವಿನ ಫೋಟೋ ಮನೆಯಲ್ಲಿಟ್ಟರೆ ಮುಂದಿನ ಮಗುವಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಅವರ ಮಾತು ಹುಟ್ಟುವುದು ಸೊಸೆಗೆ ಏನಾಗುತ್ತದೋ ಎಂಬ ಭಯದಿಂದ, ಹೆಚ್ಚಿನ ಸಲ ಪ್ರೀತಿಯಿಂದಲೇ. ಅವರ ಜೊತೆ ವಾದಕ್ಕಿಳಿಯಬೇಡಿ. "ಅಜ್ಜಿ, ಮುಖ ಬೇಡ ಅಂದ್ರೆ ಬೇಡ. ಕೈಕಾಲು ಅಷ್ಟೇ ತೆಗೀಲಾ?" ಎಂದರೆ ಒಪ್ಪುವ ಅಜ್ಜಿಯಂದಿರಿದ್ದಾರೆ. ತಾಯಿಗೆ ಬೇಕು, ಅತ್ತೆಗೆ ಬೇಡ ಎನ್ನುವ ಸಂದರ್ಭದಲ್ಲಿ ನಡುವೆ ನೀವು ನಿಲ್ಲುವುದು ತಪ್ಪು, ಆ ಮಾತನ್ನು ಸಿಸ್ಟರಿಗೆ ಬಿಡಿ. ಮುಸ್ಲಿಂ ಮನೆಯವರಿಗೆ ಫೋಟೋ ಬೇಕಿದ್ದರೆ ಗುಸುಲ್ (ಕೊನೆಯ ಸ್ನಾನ) ಮತ್ತು ಕಫನ್‌ಗೆ (ಬಿಳಿ ಬಟ್ಟೆ ಸುತ್ತುವುದು) ಮುಂಚೆಯೇ ಮುಗಿಸಿ, ದಫನ್ (ಮಣ್ಣು ಮಾಡುವುದು) ತಡವಾಗುವಂತೆ ಮಾಡಬೇಡಿ. ಯಾರೇ ಆಗಲಿ ಬೇಡ ಎಂದರೆ, ಒಂದೇ ಒಂದು ಎಂದು ಒತ್ತಾಯಿಸದೆ ನಮಸ್ಕಾರ ಹೇಳಿ ಹೊರಟುಬಿಡಿ.

ಬೆಳಕು

ಫ್ಲ್ಯಾಶ್ ಬೇಡ. ಅದು ಎಳೆ ಚರ್ಮದ ಕೆಂಪು, ನೀಲಿ ಎಲ್ಲವನ್ನೂ ಎತ್ತಿ ತೋರಿಸುತ್ತದೆ, ಪಕ್ಕದ ಹಾಸಿಗೆಯವರೂ ತಿರುಗಿ ನೋಡುತ್ತಾರೆ. ಕಿಟಕಿಯ ಬೆಳಕೇ ಸಾಕು, ಮೋಡ ಕವಿದ ಮಲೆನಾಡಿನ ಹಗಲಂತೂ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಮಗುವಿನ ನೆತ್ತಿ ಕಿಟಕಿಯ ಕಡೆಗಿರುವಂತೆ, ಬೆಳಕು ನೆತ್ತಿಯಿಂದ ಓರೆಯಾಗಿ ಮೂಗಿನ ಮೇಲೆ ಇಳಿಯುವಂತೆ ನೋಡಿಕೊಳ್ಳಿ. ಕಾಲಿನ ಕಡೆಯಿಂದ ಬೆಳಕು ಬಿದ್ದರೆ ನೆರಳು ಮೇಲ್ಮುಖವಾಗಿ ಮುಖ ವಿಕಾರವಾಗಿ ಕಾಣುತ್ತದೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ.

ಕಿಟಕಿ ಬೆಳಕು ಸಿಗುವಾಗ ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಲು ಕೇಳಿ, ಎರಡು ಬಣ್ಣದ ಬೆಳಕು ಬೆರೆತರೆ ಆಮೇಲೆ ತಿದ್ದುವುದು ಬಹಳ ಕಷ್ಟ. ಆಸ್ಪತ್ರೆಯ ಹಸಿರು ಗೋಡೆಯೂ ಮುಖದ ಮೇಲೆ ಹಸಿರು ಚೆಲ್ಲುತ್ತದೆ, ಗೋಡೆಗೂ ಮಗುವಿಗೂ ನಡುವೆ ಬಿಳಿ ಬಟ್ಟೆ ಹಿಡಿಸಿದರೆ ಅದು ನಿಲ್ಲುತ್ತದೆ, ನೆರಳಿನ ಕಡೆಗೆ ಬೆಳಕೂ ತಿರುಗುತ್ತದೆ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆಯಿರಿ. ಮುಖ ಮತ್ತು ಕೈ ಎರಡೂ ಸ್ಪಷ್ಟ ಬರಬೇಕಾದರೆ ಅಪರ್ಚರ್ ಎಫ್ 2.8ರಿಂದ 4 ಇರಲಿ, ಐಎಸ್‌ಒ 3200ರವರೆಗೆ ಏರಿಸಲು ಹೆದರಬೇಡಿ. ರಾತ್ರಿ ಟ್ಯೂಬ್‌ಲೈಟಿನಲ್ಲೇ ತೆಗೆಯಬೇಕಾದರೆ ಶಟರ್ ವೇಗ 1/50 ಇಲ್ಲವೇ 1/100 ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಬೇರೆ ವೇಗದಲ್ಲಿ ಫೋಟೋದ ಮೇಲೆ ಅಡ್ಡ ಪಟ್ಟಿಗಳು ಬೀಳಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವಾಗ ಈ ಪಟ್ಟಿಗಳು ಇನ್ನೂ ಹೆಚ್ಚು, ಮೊದಲು ಗೋಡೆಯ ಮೇಲೆ ಒಂದು ತೆಗೆದು ನೋಡಿಕೊಳ್ಳಿ.

ಮನೆಗೆ ತಂದ ಮೇಲೆ ಕರೆದರೆ, ಹಳೆಯ ಹೆಂಚಿನ ಮನೆಯ ಒಳಕೋಣೆ ಕತ್ತಲೆ. ಜಗಲಿಗೆ ತರಲು ಕೇಳಬಹುದು, ಆದರೆ ಅಲ್ಲಿ ಜನ ಸೇರಿರುತ್ತಾರೆ. ಮಾಡಿಗೆ ಗಾಜಿನ ಹೆಂಚು ಹಾಕಿದ್ದರೆ ಅದರ ನೇರ ಕೆಳಗಲ್ಲ, ಅಲ್ಲಿಂದ ಎರಡು ಮೂರು ಅಡಿ ಆಚೆಗೆ ಮಗುವನ್ನು ಮಲಗಿಸಿದರೆ ಬೆಳಕು ಓರೆಯಾಗಿ, ಮೆತ್ತಗೆ ಬೀಳುತ್ತದೆ. ಕರೆಂಟ್ ಹೋಗಿದ್ದರೆ ಎಲ್‌ಇಡಿ ಪ್ಯಾನೆಲ್ ಮೇಲೆ ಬಿಳಿ ಬಟ್ಟೆ ಮುಚ್ಚಿ, ಅದನ್ನೂ ನೆತ್ತಿಯ ಕಡೆಯಿಂದಲೇ ಹಿಡಿಸಿ.

ಮಗುವನ್ನು ಮುಟ್ಟುವ ವಿಷಯ

ಉಂಗುರ, ವಾಚು ತೆಗೆದು ಮೊಣಕೈವರೆಗೆ ಸೋಪಿನಲ್ಲಿ ಕೈ ತೊಳೆಯಿರಿ. ನೆಗಡಿ, ಕೆಮ್ಮು ಇದ್ದರೆ ಆ ದಿನ ಹೋಗಲೇಬೇಡಿ, ಅಕ್ಕಪಕ್ಕದಲ್ಲಿ ಬದುಕಿಗಾಗಿ ಹೋರಾಡುತ್ತಿರುವ ಮಕ್ಕಳಿರುತ್ತಾರೆ. ಮಗುವನ್ನು ಎತ್ತುವುದು, ಮಗ್ಗುಲು ಮಾಡುವುದು, ಬಟ್ಟೆ ಬದಲಿಸುವುದು ಸಿಸ್ಟರ್ ಅಥವಾ ಮನೆಯವರ ಕೆಲಸ.

ಹೊಟ್ಟೆಯಲ್ಲೇ ಹೋಗಿ ಕೆಲವು ಗಂಟೆ ಕಳೆದು ಹುಟ್ಟಿದ ಮಗುವಿನ ಚರ್ಮ ಮಾಗಿದ ಹಣ್ಣಿನ ಸಿಪ್ಪೆಯ ಹಾಗೆ ಸಡಿಲವಾಗಿರುತ್ತದೆ. ಉಜ್ಜಿದರೆ ಕೈಗೆ ಬರುತ್ತದೆ. ಕೆನ್ನೆಯ ಮೇಲಿನ ರಕ್ತದ ಕಲೆಯನ್ನು ಒರೆಸಲು ಹೋಗಬೇಡಿ, ಫೋಟೋದಲ್ಲಿ ತೆಗೆಯಬಹುದು. ತುಟಿ ಎಲ್ಲಕ್ಕಿಂತ ಮೊದಲು ಒಣಗಿ ಕಪ್ಪಾಗುತ್ತದೆ, ಸಿಸ್ಟರ್ ಒಪ್ಪಿದರೆ ಅವರೇ ಬೆರಳ ತುದಿಯಲ್ಲಿ ಸ್ವಲ್ಪ ವ್ಯಾಸಲೀನ್ ತಾಗಿಸಲಿ. ತಲೆಬುರುಡೆಯ ಎಲುಬುಗಳು ಒಂದರ ಮೇಲೊಂದು ಸರಿದು ತಲೆಯ ಆಕಾರ ಬದಲಾಗಿದ್ದರೆ ಕುಲಾವಿಯನ್ನು ಹುಬ್ಬಿನವರೆಗೆ ಇಳಿಸಿ. ಬಾಯಿ ತೆರೆದುಕೊಂಡಿದ್ದರೆ ಗದ್ದದ ಕೆಳಗೆ ಬಟ್ಟೆಯ ಸಣ್ಣ ಸುರುಳಿ ಇಟ್ಟು, ಅದರ ಮೇಲೆ ಹೊದಿಕೆ ಸರಿಮಾಡಿ. ಮೂಗಿನಿಂದ ದ್ರವ ಬರುವುದುಂಟು, ಅದಕ್ಕೆ ಕೆನ್ನೆಯ ಕೆಳಗೆ ಒಂದು ಬಟ್ಟೆ ಯಾವಾಗಲೂ ಇರಲಿ, ಮಗುವನ್ನು ಎತ್ತುವ ಮುಂಚೆ ತಾಯಿಗೆ ತಿಳಿಸಿ. ಗಾಬರಿಯಾಗಿ ಕೈ ಹಿಂದೆಗೆದರೆ ಆ ನೆನಪು ಅವರನ್ನು ಬಿಡುವುದಿಲ್ಲ. ಹೊತ್ತು ಹೋದಂತೆ ಬಣ್ಣ ಮಾಸುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಹಾಗಾಗಿ ಮುಖದ ಫೋಟೋ ಮೊದಲು, ಕೈಕಾಲು ಆಮೇಲೆ.

ಐಸಿಯು ಒಳಗೆ ಕೊನೆಯ ಗಂಟೆಗಳಲ್ಲಿರುವ ಮಗುವಿನ ಫೋಟೋ ಕೇಳುವವರೂ ಇದ್ದಾರೆ. ಕಾಮಾಲೆಗೆ ಹಾಕಿದ ನೀಲಿ ದೀಪ ಇದ್ದರೆ ಯಾವ ಕ್ಯಾಮೆರಾದಲ್ಲೂ ಬಣ್ಣ ಸರಿಯಾಗಿ ಬರುವುದಿಲ್ಲ. ಡಾಕ್ಟರ್ ಸರಿ ಎಂದರೆ ಎರಡು ನಿಮಿಷ ಆರಿಸಿಕೊಡುತ್ತಾರೆ, ಇಲ್ಲವಾದರೆ ಕಪ್ಪುಬಿಳುಪು ಎಂದುಕೊಂಡೇ ತೆಗೆಯಿರಿ. ಗಾಜಿನ ಪೆಟ್ಟಿಗೆಯೊಳಗಿದ್ದರೆ ಕಪ್ಪು ಬಟ್ಟೆಯನ್ನು ಲೆನ್ಸಿನ ಸುತ್ತ ಹಿಡಿದು ಹೊಳಪು ತಡೆಯಿರಿ. ಟ್ಯೂಬು, ವೈರು ಯಾವುದನ್ನೂ ಸರಿಸಬೇಡಿ. ಅಪ್ಪನ ಬೆರಳನ್ನು ಹಿಡಿದ ಮಗುವಿನ ಕೈ ಒಂದು ಸಿಕ್ಕರೂ ಸಾಕು.

ಏನೇನು ತೆಗೆಯಬೇಕು

30ರಿಂದ 45 ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಮಗು ಒಂದೇ ಇರುವುದು ಒಂದಷ್ಟು, ತಾಯಿ ಎದೆಗೊರಗಿಸಿಕೊಂಡಿದ್ದು, ಅಪ್ಪ ಎತ್ತಿಕೊಂಡಿದ್ದು, ಇಬ್ಬರೂ ಸೇರಿ. ಸಿಸೇರಿಯನ್ ಆದವರನ್ನು ಎದ್ದು ಕೂರಲು ಹೇಳಬೇಡಿ, ಮಂಚದ ತಲೆಭಾಗ ಸ್ವಲ್ಪ ಎತ್ತಿಸಿ, ಅವರ ಭುಜದ ಹಿಂದಿನಿಂದ, ಅವರಿಗೆ ಮಗು ಹೇಗೆ ಕಾಣುತ್ತಿದೆಯೋ ಹಾಗೆ ಒಂದು ತೆಗೆಯಿರಿ. ಜನರಲ್ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಬೇರೆಯವರ ಮಗು ಅಳುತ್ತಿರುತ್ತದೆ. ಪಕ್ಕದ ಕೋಣೆ ಸಿಗುತ್ತದೆಯೇ ಎಂದು ಸಿಸ್ಟರನ್ನು ಕೇಳುವುದು ಕ್ಯಾಮೆರಾ ಸೆಟ್ಟಿಂಗಿಗಿಂತ ಮುಖ್ಯ.

ಅಪ್ಪಂದಿರನ್ನು ಮರೆಯಬೇಡಿ. ಅವರು ಹೊರಗೆ ಕಾರಿಡಾರಿನಲ್ಲಿ ಚೀಟಿ, ಬಿಲ್ಲು, ಗಾಡಿ ಎಂದು ನಿಂತಿರುತ್ತಾರೆ, ಮಗುವನ್ನು ಎತ್ತಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. "ಅಣ್ಣಾ, ಒಂದು ನಿಮಿಷ ಒಳಗೆ ಬನ್ನಿ, ಪಾಪುನ ನೀವೂ ಎತ್ಕೊಳ್ಳಿ" ಎಂದರೆ ಬರುತ್ತಾರೆ. ಅಣ್ಣ, ಅಕ್ಕ ಇದ್ದರೆ ಮನೆಯವರು ಒಪ್ಪಿದ ಮೇಲೆ ಅವರ ಕೈಯೂ ಒಂದರಲ್ಲಿ ಇರಲಿ.

ಆಮೇಲೆ ಹತ್ತಿರದ್ದು: ಕಿವಿ, ಹಣೆಯ ಮೇಲಿನ ಕೂದಲು, ಅಂಗಾಲಿನ ಗೆರೆ, ಉಗುರು, ಕೈಗೆ ಕಟ್ಟಿದ ಆಸ್ಪತ್ರೆಯ ಪಟ್ಟಿ. ಕಿವಿ ಅಪ್ಪನದೋ ಮಾವನದೋ ಎಂದು ಮನೆಯವರು ಗುರುತಿಸುವುದು ಈ ಫೋಟೋಗಳಲ್ಲೇ. ಮಗುವಿಗೆಂದು ಎತ್ತಿಟ್ಟ ಬೆಳ್ಳಿ ಉಡಿದಾರ, ಕರಿಮಣಿ ಬಳೆ ಇದ್ದರೆ ತೊಡಿಸಬೇಕಾ ಎಂದು ಕೇಳಿ, ತೊಡಿಸಲು ಚರ್ಮ ಬಿಡದಿದ್ದರೆ ಪಕ್ಕದಲ್ಲಿ ಇಡಿ. ತಾಯಿ ಕಾಡಿಗೆ ತೆಗೆದು ಕೆನ್ನೆಗೆ ದೃಷ್ಟಿಬೊಟ್ಟು ಇಡಲು ಬಯಸಿದರೆ ತಡೆಯಬೇಡಿ, ಬೆರಳು ಒತ್ತದೆ ತಾಗಿಸಲು ಹೇಳಿ, ಆ ಬೆರಳು ಕೆನ್ನೆ ಮುಟ್ಟುವಾಗಲೇ ಒಂದು ತೆಗೆಯಿರಿ. ಹೊದಿಸಿದ ಅಜ್ಜಿಯ ಸೀರೆಯ ಅಂಚು ಕಾಣುವಂತೆ ಒಂದು. ಆ ಸೀರೆ ಮಗುವಿನ ಜೊತೆಗೇ ಮಣ್ಣಿಗೆ ಹೋಗುತ್ತದೆ.

ಫೋನಿನಲ್ಲಿ ತೆಗೆಯುವವರು ಬ್ಯೂಟಿ ಫಿಲ್ಟರ್ ಆಫ್ ಮಾಡಲೇಬೇಕು, ಅದು ಮುಖವನ್ನೇ ಬದಲಿಸುತ್ತದೆ. ಪೋರ್ಟ್ರೇಟ್ ಮೋಡ್ ಸಣ್ಣ ಬೆರಳ ತುದಿಗಳನ್ನು ಅಳಿಸಿಹಾಕುತ್ತದೆ, ಅದೂ ಬೇಡ. ತಾನಾಗಿ ಬ್ಯಾಕಪ್ ಆಗುವುದನ್ನೂ ನಿಲ್ಲಿಸಿ, ಇಲ್ಲವಾದರೆ ಮುಂದಿನ ವರ್ಷ ಅದೇ ದಿನ ಆ ಫೋಟೋ ನೆನಪು ಎಂಬ ಹೆಸರಲ್ಲಿ ಯಾರದೋ ಮುಂದೆ ತೆರೆದುಕೊಳ್ಳುತ್ತದೆ.

ತಿದ್ದುವುದು

15ರಿಂದ 25 ಫೋಟೋ ಆರಿಸಿ. ಹೆಚ್ಚಿನವನ್ನು ಕಪ್ಪುಬಿಳುಪು ಮಾಡುವುದು ಚಂದಕ್ಕಲ್ಲ, ಚರ್ಮದ ಕೆಂಪು ನೀಲಿ ಮರೆಯಾಗಲೆಂದು. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನ ಕಪ್ಪುಬಿಳುಪು ಮಿಶ್ರಣದಲ್ಲಿ ಕೆಂಪನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿದರೆ ಕೆಂಪಾದ ಭಾಗ ತಿಳಿಯಾಗುತ್ತದೆ. ನೇರಳೆಗೆ ತಿರುಗಿದ ತುಟಿಗೆ ನೇರಳೆ, ಮಜೆಂತಾ ಏರಿಸಿ. ಹೆಚ್ಚು ಏರಿಸಿದರೆ ತುಟಿಯ ಗೆರೆಯೇ ಮಾಯವಾಗಿ ಮುಖ ಮೇಣದ ಬೊಂಬೆಯ ಹಾಗಾಗುತ್ತದೆ. ರಕ್ತದ ಕಲೆ, ಸುಲಿದ ಚರ್ಮ ತೆಗೆಯಿರಿ. ಹುಟ್ಟುಮಚ್ಚೆ, ಸೀಳುತುಟಿ, ಮಗುವಿನದೇ ಆದ ಯಾವುದನ್ನೂ ಕೇಳದೆ ತೆಗೆಯಬೇಡಿ. ಮುಚ್ಚಿದ ಕಣ್ಣನ್ನು ಕಂಪ್ಯೂಟರಿನಲ್ಲಿ ತೆರೆಯುವುದು, ನಗು ಬರೆಯುವುದು ಮಾಡಲೇಬೇಡಿ, ಹೀಗೆ ಮಾಡಿದರೆ ಅದು ಬೇರೆ ಮಗುವಾಗುತ್ತದೆ. ಬಣ್ಣದಲ್ಲಿ ಮೂರು ನಾಲ್ಕು ಇರಲಿ. ತಿದ್ದದೆ ಇಟ್ಟದ್ದೂ ಒಂದು ಬೇರೆ ಕವರಿನಲ್ಲಿರಲಿ.

ತಲುಪಿಸುವುದು

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಗುಣಮಟ್ಟ ಕೆಡುತ್ತದೆ, ಅದಕ್ಕಿಂತ ಹೆಚ್ಚಾಗಿ, ಅರ್ಧ ಗಂಟೆಯಲ್ಲಿ ಅದು ನೆಂಟರ ಗ್ರೂಪಿನಲ್ಲಿರುತ್ತದೆ. 4×6 ಇಂಚಿನ ಪ್ರಿಂಟು ಮಾಡಿಸಿ, ಮುಚ್ಚಿದ ಕವರಿನಲ್ಲಿ, ಪೆನ್‌ಡ್ರೈವ್ ಸಮೇತ ಕೊಡಿ. ಪ್ರಿಂಟ್ ಹಾಕಿಸುವ ಸ್ಟುಡಿಯೋದವರಿಗೆ ಮೊದಲೇ ವಿಷಯ ತಿಳಿಸಿ, ನೀವೇ ಎದುರಿಗೆ ನಿಂತು ಹಾಕಿಸಿ. ಎರಡು ಪ್ರತಿ ಮಾಡಿಸಿ. ಬಾಣಂತಿ ತವರಿನಲ್ಲಿರುತ್ತಾರೆ, ಅಪ್ಪ ತಮ್ಮ ಊರಿನಲ್ಲಿ. ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ನಮ್ಮ ಮಳೆಗಾಲಕ್ಕೆ ಫೋಟೋಗೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ, ನಡುವೆ ಕಾಗದ ಇಟ್ಟು ಡಬ್ಬಿಯಲ್ಲಿ ಕೊಡುವುದು ಮೇಲು.

ಯಾವಾಗ ಕೊಡಬೇಕೆಂದು ಅವರನ್ನೇ ಕೇಳಿ. ಹೆರಿಗೆಯಾದ ಎರಡರಿಂದ ನಾಲ್ಕನೇ ದಿನದೊಳಗೆ ತಾಯಿಗೆ ಹಾಲು ಇಳಿಯುತ್ತದೆ, ಎದೆ ಬಿಗಿದು ನೋಯುತ್ತಿರುತ್ತದೆ. ಆ ದಿನಗಳಲ್ಲಿ ಫೋನ್ ಮಾಡಬೇಡಿ. ಮನೆಯವರು ಒಪ್ಪಿದರೆ ಊರಿನ ಆಶಾ ಕಾರ್ಯಕರ್ತೆಯ ಕೈಯಲ್ಲಿ ಮುಚ್ಚಿದ ಕವರನ್ನು ಕಳಿಸಬಹುದು. ಅವರಿಗೆ ಮನೆಯೂ ಗೊತ್ತು, ಹೊತ್ತೂ ಗೊತ್ತು. ದಾಖಲೆಯ ಬಗ್ಗೆ ಕೇಳಿದರೆ ಇಷ್ಟು ಹೇಳಲು ತಿಳಿದಿರಲಿ: 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಸತ್ತು ಹುಟ್ಟಿದ ಮಗುವಿನ ನೋಂದಣಿಗೂ ಅವಕಾಶವಿದೆ, ಉಸಿರಾಡಿ ಆಮೇಲೆ ಹೋದ ಮಗುವಿಗೆ ಜನನ, ಮರಣ ಎರಡೂ ಆಗಬೇಕು, ಅವಧಿ 21 ದಿನ. ತಾಯಿ ಊಟ ನಿದ್ದೆ ಬಿಟ್ಟಿದ್ದಾರೆ ಎಂದು ಕಂಡರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಚೀಟಿಯಲ್ಲಿ ಬರೆದುಕೊಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಸಂಖ್ಯೆ ನಿಮಗೂ ಇರಲಿ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ, ಬರುವ ದಾರಿಯಲ್ಲಿ ಮಾತಾಡಿಕೊಂಡು ಬನ್ನಿ. ಒಂದು ಮನೆಗೆ ಹೋಗಿಬಂದ ವಾರದಲ್ಲಿ ಇನ್ನೊಂದನ್ನು ಒಪ್ಪಿಕೊಳ್ಳಬೇಡಿ. ಮನೆಯಲ್ಲಿ ಬಸುರಿ ಇದ್ದರೆ, ಇತ್ತೀಚೆಗೆ ನಿಮ್ಮದೇ ಮನೆಯಲ್ಲಿ ಸಾವಾಗಿದ್ದರೆ, ಕೆಲವು ತಿಂಗಳು ಈ ಕೆಲಸ ಬಿಡಿ.

ಬೇಡ ಎಂದು ಕವರನ್ನೇ ಮುಟ್ಟದವರು ವರ್ಷಗಳ ಮೇಲೆ ಕೇಳಿಕೊಂಡು ಬರುವುದುಂಟು, ಮುಂದಿನ ಮಗು ಶಾಲೆಗೆ ಹೋಗುವ ಹೊತ್ತಿಗೆ. ಆದ್ದರಿಂದ ಅಳಿಸಿ ಎಂದು ಅವರೇ ಹೇಳುವವರೆಗೆ ಅಳಿಸಬೇಡಿ. ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಮನೆಗಳಲ್ಲಿ, ಎರಡಕ್ಕೂ ಪಾಸ್‌ವರ್ಡ್. ಫೋಲ್ಡರಿನ ಮೇಲೆ ಹೆಸರು ಬೇಡ, ತಾರೀಕು ಮತ್ತು ಒಪ್ಪಿಗೆ ಪತ್ರದ ಸಂಖ್ಯೆ ಸಾಕು. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಎರಡನ್ನೂ ತೆರೆದು ನೋಡಿ, ಡಬ್ಬಿಯ ಸಿಲಿಕಾ ಜೆಲ್ ಬದಲಿಸಿ, ಮತ್ತೆ ಮುಚ್ಚಿಡಿ.